ಕಂಪನಿ ಕೆಲಸ ಬಿಟ್ಟು ತೋಟಕ್ಕೆ ಬಂದ ಹುಡುಗ: ಕೆಟ್ಟನಾ, ಗೆದ್ದನಾ?

ಪೊನ್ನಂಪೇಟೆ ಪಟ್ಟಾಂಗ
ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದ. ಈಗ ರಾಜೀನಾಮೆ ಕೊಟ್ಟು ಗೋಣಿಕೊಪ್ಪ ಕಡೆ ಇರೋ 6 ಎಕರೆ ರೋಬಸ್ಟಾ ಕಾಫಿ ತೋಟಕ್ಕೆ ಬಂದು ಕೂತಿದ್ದಾನೆ. ಒಳ್ಳೆ ದರ್ಜೆಯ ಕಾಫಿ ಮಾಡಿ ನೇರ ಮಾರ್ತೀನಿ ಅಂತಾನೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಕೈಯಾರೆ ಕೆಡಿಸ್ಕೊಂಡ."

ಎರಡು ಪ್ರಶ್ನೆ. ತಪ್ಪು ಅಂತ ಕಂಡ ದಾರಿಯೇ ಕೈ ಹಿಡಿದ ಉದಾಹರಣೆ ನಿಜಕ್ಕೂ ಇದೆಯಾ, ಇಲ್ಲಾ ಎಲ್ಲ ವಾಟ್ಸಾಪ್ ಕಥೆಗಳಾ? ಮುಂದಿನ ಕೊಯ್ಲಿನೊಳಗೆ ಅವನು ಏನೇನು ಮಾಡ್ಕೋಬೇಕು? ದಯವಿಟ್ಟು "ಧೈರ್ಯವಾಗಿರಲಿ" ಅಂತ ಬರೀಬೇಡಿ. ಅದು ಬೇಕಾದಷ್ಟು ಬಂದಾಗಿದೆ.

ಕುಶಾಲನಗರ ಎಕ್ಸ್‌ಪ್ರೆಸ್
ಉದಾಹರಣೆಗೆ ದೂರ ಯಾಕೆ ಹೋಗ್ತೀರಿ? ನಮ್ಮ ರೋಹನ್ ಬೋಪಣ್ಣ ಇಲ್ವಾ? ಸಿಂಗಲ್ಸ್‌ನಲ್ಲಿ ದೊಡ್ಡ ಹೆಸರು ಆಗಲೇ ಇಲ್ಲ. ಡಬಲ್ಸ್ ಕಡೆ ವಾಲಿದರು. 2024ರ ಜನವರಿಯಲ್ಲಿ, 43ನೇ ವಯಸ್ಸಿಗೆ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದರು.

ಹೂಮಳೆ
ಎಕ್ಸ್‌ಪ್ರೆಸ್ ಅವರೇ, ಉದಾಹರಣೆ ಚೆನ್ನಾಗಿದೆ, ಆದ್ರೆ ಅದು ಬೇರೆ ಥರದ್ದು. ಬೋಪಣ್ಣ ಟೆನಿಸ್ ಬಿಟ್ಟು ಹೋಂಸ್ಟೇ ಶುರು ಮಾಡಲಿಲ್ಲವಲ್ಲ. ಅದೇ ರ‍್ಯಾಕೆಟ್, ಅದೇ ಕೋರ್ಟ್. ಅವರ ಆಸ್ತಿ ಅಂದ್ರೆ ಸರ್ವ್. ಆ ಸರ್ವ್ ಎಲ್ಲಿ ಹೆಚ್ಚು ಬೆಲೆ ಬಾಳುತ್ತೋ ಅಲ್ಲಿಗೆ ಹೋದರು. ಈ ಹುಡುಗ ಟೆಸ್ಟಿಂಗ್‌ನಿಂದ ಏನು ತಂದಿದ್ದಾನೆ, ಅದಕ್ಕೆ ತೋಟದಲ್ಲಿ ಬೆಲೆ ಇದೆಯಾ? ಕೇಳಬೇಕಾದ ಪ್ರಶ್ನೆ ಅದು.

ಔಟ್‌ಟರ್ನ್ 28
ಗೆದ್ದವರ ಕಥೆ ಪೇಪರಲ್ಲಿ ಬರುತ್ತೆ. ಸೋತವರು ಎರಡು ವರ್ಷಕ್ಕೆ ಸುಮ್ಮನೆ ಬೆಂಗಳೂರು ಬಸ್ ಹತ್ತುತ್ತಾರೆ, ಅವರನ್ನು ಯಾರೂ ಮಾತಾಡಿಸಲ್ಲ. ಹಾಗಾಗಿ ಕಥೆ ಬಿಡಿ, ಲೆಕ್ಕ ಮಾಡೋಣ.

ಸಾಧಾರಣವಾಗಿ ನೋಡಿಕೊಂಡ ರೋಬಸ್ಟಾದಲ್ಲಿ ಎಕರೆಗೆ 400ರಿಂದ 500 ಕೆಜಿ ಬೀಜ. 1 ಕೆಜಿ ಬೀಜಕ್ಕೆ ನಾಲ್ಕೂವರೆಯಿಂದ 5 ಕೆಜಿ ಹಣ್ಣು ಬೇಕು. ಅಂದ್ರೆ ಎಕರೆಗೆ 2 ಟನ್ ಹಣ್ಣು, 6 ಎಕರೆಗೆ 12 ಟನ್. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಲೆಕ್ಕದಲ್ಲಿ 50 ಕೆಜಿಯ ನೂರು ಚೀಲದ ಆಸುಪಾಸು.

ರೇಟ್ ಹೇಗೆ ಕಟ್ತಾರೆ ಅನ್ನೋದು ಹೊಸಬರಿಗೆ ಗೊತ್ತಿರಲ್ಲ. ವ್ಯಾಪಾರಿ ಚೀಲದಿಂದ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ತೂಗ್ತಾನೆ. 50 ಕೆಜಿ ಚೆರಿಗೆ 28 ಕೆಜಿ ಬೀಜ ಬಂದ್ರೆ ಔಟ್‌ಟರ್ನ್ 28. ಉದಾಹರಣೆಗೆ ಪಾಯಿಂಟಿಗೆ 350 ರೂಪಾಯಿ ಅಂದ್ರೆ ಚೀಲಕ್ಕೆ 9,800. ಅದೇ 26 ಬಂದ್ರೆ 9,100. ನೂರು ಚೀಲಕ್ಕೆ 70 ಸಾವಿರ ವ್ಯತ್ಯಾಸ! ತೇವಾಂಶ 11 ಪರ್ಸೆಂಟ್ ಮೇಲಿದ್ರೆ, ಕಪ್ಪು ಬೀಜ, ಕಾಯಿಕೊರಕ ಹುಳು ತಿಂದದ್ದು ಇದ್ರೆ ಮತ್ತೆ ಕಡಿತ. "ಸ್ಪೆಷಾಲಿಟಿ" (ಒಳ್ಳೆ ದರ್ಜೆ ಕಾಫಿ) ಅಂತ ಹೊರಡೋ ಮೊದಲು ಈ ಎರಡು ಪಾಯಿಂಟ್ ಉಳಿಸ್ಕೊಳ್ಳೋದನ್ನ ಕಲೀಲಿ.

ಸಿದ್ದಾಪುರ ಸಂತೆ
ರೋಬಸ್ಟಾನೇ ಒಂದು ಉದಾಹರಣೆ ಅಲ್ವಾ ಮಾರಾಯ್ರೇ? ಬಿಳಿ ಕಾಂಡಕೊರಕ ಹುಳು ಹೊಡೆದು, ಹೆಚ್ಚು ಬೆಲೆಯ ಅರೇಬಿಕಾ ಕಾಫಿ ಕಿತ್ತು ರೋಬಸ್ಟಾ ಹಾಕಿದವರನ್ನ ನೋಡಿ "ಚಿನ್ನ ಕೊಟ್ಟು ತಗಡು ತಗೊಂಡ" ಅಂತ ನಕ್ಕವರು ಎಷ್ಟು ಜನ! 2020ರ ಹೊತ್ತಿಗೆ ಲಂಡನ್ ಮಾರ್ಕೆಟ್‌ನಲ್ಲಿ ಟನ್ನಿಗೆ 1,500 ಡಾಲರ್ ಕೂಡ ಇರಲಿಲ್ಲ, ಆಗ ನಗೋದು ಸುಲಭ. 2024ರಲ್ಲಿ ಚೆರಿ ಚೀಲ 10 ಸಾವಿರ ದಾಟಿತು, 2025ರ ಆರಂಭಕ್ಕೆ ಲಂಡನ್‌ನಲ್ಲಿ 5,500 ಡಾಲರ್. ನಕ್ಕವರೆಲ್ಲ ರೋಬಸ್ಟಾ ಸಸಿ ಹುಡುಕ್ತಿದ್ರು.

ಔಟ್‌ಟರ್ನ್ 28
2025ರ ಮಧ್ಯಕ್ಕೆ 4,000ಕ್ಕಿಂತ ಕೆಳಗೆ ಇಳಿದದ್ದನ್ನೂ ಬರೀರಿ. ರೇಟ್ ಏರಿದ್ದು ಯಾರ ಜಾಣತನವೂ ಅಲ್ಲ. ವಿಯೆಟ್ನಾಂನಲ್ಲಿ ಫಸಲು ಕೈಕೊಟ್ಟಿತು, ನಮಗೆ ಲಾಟರಿ ಹೊಡೀತು.

ಹೂಮಳೆ
ಲಾಟರಿ ಹೊಡೆಯೋಕೂ ಟಿಕೆಟ್ ಕೈಯಲ್ಲಿರಬೇಕು. ಸಿಲೋನಿನ (ಈಗಿನ ಶ್ರೀಲಂಕಾ) ಜೇಮ್ಸ್ ಟೇಲರ್ ನೋಡಿ. ಇಡೀ ದ್ವೀಪ ಕಾಫಿ ಹಾಕ್ತಿದ್ದಾಗ, 1867ರಲ್ಲಿ, ಲೂಲೆಕಂದೇರಾ ಎಸ್ಟೇಟಿನಲ್ಲಿ ಟೀ ಹಾಕಿದ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದೆ ಸಿಲೋನಿನ ಕಾಫಿಯನ್ನೇ ತೊಳೆದುಹಾಕಿತು, ದ್ವೀಪಕ್ಕೆ ದ್ವೀಪವೇ ಟೀ ಆಯ್ತು. ಆದ್ರೆ ಅವನು ಹಾಕಿದ್ದು ಬರೀ 19 ಎಕರೆ! ಎಸ್ಟೇಟಿನ ಕಾಫಿ ಪೂರ್ತಿ ಕಿತ್ತು ಹಾಕಿದ್ದಲ್ಲ. ತಪ್ಪಾಗಿದ್ರೂ ತಡ್ಕೊಳ್ಳೋ ಅಷ್ಟು ಸಣ್ಣದು.

ಪೊನ್ನಂಪೇಟೆ ಪಟ್ಟಾಂಗ
ಇದು ಕೆಲಸಕ್ಕೆ ಬರೋ ಮಾತು. ಹಾಗಾದ್ರೆ 6 ಎಕರೆಯಲ್ಲಿ "ಸಣ್ಣದು" ಅಂದ್ರೆ ಎಷ್ಟು?

ಕಪ್ಪಿಂಗ್ ಟೇಬಲ್
ಪಟ್ಟಾಂಗಣ್ಣ, ಕಾಫಿಯಲ್ಲಿ ದೊಡ್ಡ ತೊಂದರೆ ಇದೇ. ಸಾಫ್ಟ್‌ವೇರ್‌ನಲ್ಲಿ ಬೆಳಿಗ್ಗೆ ತಪ್ಪು ಮಾಡಿ ಮಧ್ಯಾಹ್ನ ತಿದ್ದಬಹುದು. ಇಲ್ಲಿ ಕೊಯ್ಲು ವರ್ಷಕ್ಕೆ ಒಂದೇ. ಇಡೀ ಫಸಲನ್ನ ಒಂದೇ ವಿಧಾನಕ್ಕೆ ಹಾಕಿ ಕೆಟ್ಟರೆ ಮುಂದಿನ ಜನವರಿವರೆಗೆ ಬಾಯಿ ಮುಚ್ಕೊಂಡು ಕಾಯಬೇಕು. ಹಾಗಾಗಿ ಒಂದೇ ಕೊಯ್ಲಿನೊಳಗೆ ಹಲವು ಸಣ್ಣ ಬ್ಯಾಚ್ ಮಾಡಬೇಕು.

ಬ್ಯಾಚಿಗೆ 40 ಕೆಜಿ ಹಣ್ಣು ಇಟ್ಕೊಳ್ಳಲಿ. ಅದರಿಂದ 8 ಕೆಜಿ ಬೀಜ ಸಿಗುತ್ತೆ. ಗ್ರೇಡಿಂಗ್‌ಗೆ 350 ಗ್ರಾಂ, ನಾಲ್ಕೈದು ಸಲ ಹುರಿದು ರುಚಿ ನೋಡೋಕೆ 100 ಗ್ರಾಂನಂತೆ, ಖರೀದಿ ಮಾಡೋರಿಗೆ ಸ್ಯಾಂಪಲ್ ಕಳಿಸೋಕೆ ಒಂದಿಷ್ಟು, ಎಲ್ಲಕ್ಕೂ ಸಾಕು. ಎಂಟು ಬ್ಯಾಚ್ ಮಾಡಿದ್ರೆ 320 ಕೆಜಿ ಹಣ್ಣು. 12 ಟನ್ನಿನಲ್ಲಿ 3 ಪರ್ಸೆಂಟ್ ಕೂಡ ಅಲ್ಲ. ಎಂಟೂ ಹಾಳಾದ್ರೂ ಮನೆ ಮುಳುಗಲ್ಲ. ಉಳಿದದ್ದು ಎಂದಿನಂತೆ ಚೆರಿಯಾಗಿ ವ್ಯಾಪಾರಿಗೆ.

ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕು. ಹುದುಗಿಸೋ ಗಂಟೆ ಬದಲಾಯಿಸಿದ್ರೆ ಒಣಗಿಸೋ ರೀತಿ ಬದಲಾಯಿಸಬಾರದು. ಪ್ರತಿ ಬ್ಯಾಚಿಗೂ ಚೀಟಿ: ಯಾವ ಬ್ಲಾಕ್, ಕೊಯ್ದ ದಿನ, ಹಣ್ಣಿನ ಬ್ರಿಕ್ಸ್ (ಸಿಹಿಯ ಅಳತೆ), ಎಷ್ಟು ಗಂಟೆ ಹುದುಗಿಸಿದ್ದು, ನಿಲ್ಲಿಸಿದಾಗ ಪಿಎಚ್ (ಹುಳಿಯ ಅಳತೆ), ಒಣಗೋಕೆ ಎಷ್ಟು ದಿನ, ಕೊನೇ ತೇವಾಂಶ. ನಮ್ಮಲ್ಲಿ ಅನುಭವ ಇರೋ ಬೆಳೆಗಾರರು ಬೇಕಾದಷ್ಟಿದ್ದಾರೆ, ಚೀಟಿ ಬರೆಯೋರು ಕಮ್ಮಿ. ಮೇಲೆ ಹೂಮಳೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಟೆಸ್ಟಿಂಗ್ ಹುಡುಗನಿಗೆ ಈ ಅಭ್ಯಾಸ ಕೈಯಲ್ಲೇ ಇರುತ್ತೆ.

ಹೂಮಳೆ
ಒಪ್ಪಿದೆ.

ಬಿಟ್ಟಂಗಾಲ ಬಾಣೆ
ಬ್ಯಾಚು, ಚೀಟಿ ಎಲ್ಲಾ ಸರಿ. ಕೊಯ್ಯೋಕೆ ಜನ ಎಲ್ಲಿದ್ದಾರೆ? ಹಣ್ಣು ಮಾತ್ರ ಆರಿಸಿ ಅಂದ್ರೆ ಮೂರು ಸುತ್ತು ಬರಬೇಕು. ಕೆಜಿ ಲೆಕ್ಕದಲ್ಲಿ ಕೊಯ್ಯೋರು ಗೆಲ್ಲು ಪೂರ್ತಿ ಎಳೆದುಬಿಡ್ತಾರೆ, ಕಾಯಿ ಹಣ್ಣು ಎಲ್ಲಾ ಒಟ್ಟಿಗೆ.

ಕಣದ ಮೇಸ್ತ್ರಿ
ಬಾಣೆ ಅಣ್ಣ, 320 ಕೆಜಿಗೆ ಮಾತ್ರ ಆ ನಿಯಮ. ಆ ದಿನ ಎರಡು ಮೂರು ಜನಕ್ಕೆ ಕೆಜಿ ಲೆಕ್ಕ ಬಿಟ್ಟು ದಿನಗೂಲಿ ಕೊಡಲಿ, ಆಗ ಆರಿಸಿ ಕೊಯ್ತಾರೆ. ಕೆಜಿಗೆ ದುಡ್ಡು ಕೊಟ್ಟು "ನಿಧಾನಕ್ಕೆ ಕೊಯ್ಯಿ" ಅಂದ್ರೆ ಯಾರು ಕೇಳ್ತಾರೆ?

ಇನ್ನು ಕಣದ ಕೆಲಸ ಹೇಳ್ತೀನಿ, ಬರ್ಕೊಳ್ಳಿ.

ಕೊಯ್ದ ದಿನವೇ ಸಂಜೆ ನೀರಿನ ತೊಟ್ಟಿಗೆ ಹಾಕಿ ತೇಲೋ ಕಾಯಿ ಬೇರೆ ಮಾಡಿ. ತೇಲಿದ್ದು ಜಳ್ಳು, ಕೊರಕ ತಿಂದದ್ದು, ಒಣಗಿದ್ದು. ರಾತ್ರಿ ಹಣ್ಣನ್ನ ಚೀಲದಲ್ಲಿ ಕಟ್ಟಿ ಇಡಬೇಡಿ, ಒಳಗೆ ಬಿಸಿ ಏರಿ ಬೆಳಿಗ್ಗೆಗೆ ಹುಳಿ ವಾಸನೆ ಹಿಡಿಯುತ್ತೆ.

ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು ಒಣಗಿಸಿದ ಬೀಜ) ಮಾಡೋದಾದ್ರೆ: ರೋಬಸ್ಟಾ ಲೋಳೆ ದಪ್ಪ. ಅರೇಬಿಕಾ 24ರಿಂದ 36 ಗಂಟೆಗೆ ಬಿಡುತ್ತೆ, ರೋಬಸ್ಟಾ 36ರಿಂದ 72 ಗಂಟೆ ತಗೊಳ್ಳುತ್ತೆ. ಗಡಿಯಾರ ನೋಡಿ ತೊಳೀಬೇಡಿ. ಮುಷ್ಟಿಯಲ್ಲಿ ಹಿಡಿದು ನೀರಲ್ಲಿ ಉಜ್ಜಿ. ಜಾರಿದ್ರೆ ಇನ್ನೂ ಆಗಿಲ್ಲ. ಕಿರಕಿರ ಅಂತ ಜಲ್ಲಿ ಉಜ್ಜಿದ ಹಾಗಾದ್ರೆ ಆಗಿದೆ, ತಕ್ಷಣ ತೊಳೀಬೇಕು. ಅರ್ಧ ದಿನ ಸೋಮಾರಿತನ ಮಾಡಿದ್ರೆ ವಿನೆಗರ್ ವಾಸನೆ ಬೀಜದೊಳಗೇ ಕೂರುತ್ತೆ, ಆಮೇಲೆ ಎಷ್ಟು ತೊಳೆದ್ರೂ ಹೋಗಲ್ಲ. ತಾಳ್ಮೆ ಇಲ್ಲದಿದ್ರೆ ಲೋಳೆ ತೆಗೆಯೋ ವಾಷರ್ ಬಾಡಿಗೆಗೆ ತಗೊಳ್ಳಿ. ಪಲ್ಪರ್ (ಸಿಪ್ಪೆ ಸುಲಿಯೋ ಯಂತ್ರ) ನೀರನ್ನ ತೋಡಿಗೆ ಬಿಡಂಗಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯುತ್ತೆ. ಹಿಡಿಯದಿದ್ರೂ ಬಿಡಬಾರದು, ಅದು ಕಾವೇರಿಗೇ ಹೋಗೋದು.

ಹಣ್ಣನ್ನೇ ಒಣಗಿಸೋದಾದ್ರೆ: ಬಲೆ ಕಟ್ಟಿದ ಮಂಚದ ಮೇಲೆ 3, 4 ಸೆಂಟಿಮೀಟರ್‌ಗಿಂತ ದಪ್ಪ ಹರಡಬೇಡಿ. ಗಂಟೆಗೊಮ್ಮೆ ಕೈಯಾಡಿಸಿ. ಜನವರಿ ಹಗಲು ಬಿಸಿಲು ಚೆನ್ನಾಗಿರುತ್ತೆ, ರಾತ್ರಿ ಮಂಜು ಬೀಳುತ್ತೆ, ಹಾಗಾಗಿ ಸಂಜೆ ಐದಕ್ಕೇ ಮುಚ್ಚಿ. ಟಾರ್ಪಾಲ್ ಅನ್ನ ನೇರ ಹಣ್ಣಿನ ಮೇಲೆ ಹಾಕಿದ್ರೆ ಅಡಿಯಲ್ಲಿ ಬೆವರು ಕಟ್ಟಿ ಬೂಷ್ಟು ಬರುತ್ತೆ. ಬಿದಿರು ಬಗ್ಗಿಸಿ ಕಮಾನು ಮಾಡಿ ಅದರ ಮೇಲೆ ಹಾಕಿ.

ಕಣದ ಮೇಸ್ತ್ರಿ
ಮರೆತೆ. ಒಳ್ಳೆಮೆಣಸು! ಕಾಫಿ ಮುಗಿಯೋ ಹೊತ್ತಿಗೆ ಅದೇ ಕಣಕ್ಕೆ ಮೆಣಸು ಬಂದು ಬೀಳುತ್ತೆ. ಕಾಫಿ ಬೀಜ ವಾಸನೆ ಹೀರೋದರಲ್ಲಿ ಎತ್ತಿದ ಕೈ. ಮೆಣಸಿನ ಚೀಲದ ಪಕ್ಕ, ಗೊಬ್ಬರದ ಪಕ್ಕ, ಸ್ಪ್ರೇಯರ್ ಪೆಟ್ರೋಲ್ ಕ್ಯಾನ್ ಪಕ್ಕ ಇಟ್ಟಿದ್ದು ಕಪ್ಪಿನಲ್ಲಿ ಹಾಗೇ ಸಿಗುತ್ತೆ. ಸಗಣಿ ಸಾರಿಸಿದ ಕಣವೂ ಈ ಕೆಲಸಕ್ಕಾಗಲ್ಲ. ಬೇರೆ ರೂಮು, ನೆಲದಿಂದ ಅರ್ಧ ಅಡಿ ಮೇಲೆ ಹಲಗೆ, ಗೋಡೆಗೆ ತಾಗದ ಹಾಗೆ.

ಸೋಮವಾರಪೇಟೆ ಅರೇಬಿಕಾ
ಇಷ್ಟೆಲ್ಲ ಕಷ್ಟಪಟ್ಟು ರೋಬಸ್ಟಾ ಕುಡಿಯೋದಾ? 😄 ಅಷ್ಟು ಶ್ರಮ ಅರೇಬಿಕಾಗೆ ಹಾಕಿದ್ರೆ ಮಾತಾಡಿಸಿ ಕೊಂಡ್ಕೊಳ್ತಾರೆ.

ಸಿದ್ದಾಪುರ ಸಂತೆ
ಗೋಣಿಕೊಪ್ಪ ಎತ್ತರಕ್ಕೆ ಅರೇಬಿಕಾ ಹಾಕಿ ಕಾಂಡಕೊರಕಕ್ಕೆ ಊಟ ಹಾಕೋದಾ? ನೀವು ಸೋಮವಾರಪೇಟೆಯಲ್ಲೇ ಸುಖವಾಗಿರಿ.

ಕುಶಾಲನಗರ ಎಕ್ಸ್‌ಪ್ರೆಸ್
ಪ್ಯಾಕೆಟ್ ಮೇಲೆ ಕೊಡಗು ಕಾಫಿಯ ಜಿಐ (ಭೌಗೋಳಿಕ ಸೂಚಕ) ಗುರುತು ಹಾಕಿದ್ರೆ ರೇಟ್ ಸಿಗಲ್ವಾ?

ಲೆಕ್ಕಪತ್ರ
ಹಾಕಂಗಿಲ್ಲ. 2019ರಲ್ಲಿ ಸಿಕ್ಕಿದ್ದು "ಕೂರ್ಗ್ ಅರೇಬಿಕಾ"ಗೆ. ರೋಬಸ್ಟಾ ಹೆಸರಲ್ಲಿ ಆಗ ಜಿಐ ಪಡೆದದ್ದು ವಯನಾಡ್. ಕೊಡಗಿನಲ್ಲಿ ಹೆಚ್ಚು ಬೆಳೆಯೋದು ರೋಬಸ್ಟಾ, ಗುರುತು ಇರೋದು ಅರೇಬಿಕಾಗೆ, ಏನು ಮಾಡೋದು. ಅರೇಬಿಕಾ ಬೆಳೆಯೋರೂ ಅಧಿಕೃತ ಬಳಕೆದಾರ ಅಂತ ನೋಂದಣಿ ಆಗದೆ ಬಳಸೋ ಹಾಗಿಲ್ಲ.

ಸೋಮವಾರಪೇಟೆ ಅರೇಬಿಕಾ
🙂

ಕಪ್ಪಿಂಗ್ ಟೇಬಲ್
ನಗೋದು ಆಮೇಲೆ. ಫೈನ್ ರೋಬಸ್ಟಾ, ಅಂದ್ರೆ ಒಳ್ಳೆ ದರ್ಜೆ ರೋಬಸ್ಟಾ, ಅನ್ನೋದಕ್ಕೆ ಅಳತೆ ಇದೆ. 350 ಗ್ರಾಂ ಬೀಜದಲ್ಲಿ ಪೂರ್ತಿ ಕಪ್ಪು, ಪೂರ್ತಿ ಹುಳಿ, ಬೂಷ್ಟು ಹಿಡಿದದ್ದು ಇಂಥ ಮೊದಲ ವರ್ಗದ ದೋಷ ಒಂದೂ ಇರಬಾರದು. ಎರಡನೇ ವರ್ಗದ್ದು ಐದಕ್ಕಿಂತ ಹೆಚ್ಚು ಇರಬಾರದು. ರುಚಿಯಲ್ಲಿ ನೂರಕ್ಕೆ 80 ದಾಟಬೇಕು.

ಮನೆಯಲ್ಲೇ ಶುರು ಮಾಡಬಹುದು. ತಿಳಿಯಾಗಿ ಹುರಿದು ಕನಿಷ್ಠ 8 ಗಂಟೆ ಬಿಡಿ. 150 ಮಿಲಿ ನೀರಿಗೆ 8.75 ಗ್ರಾಂ ಪುಡಿ (ಅರೇಬಿಕಾಗೆ 8.25). ಒಂದು ಬ್ಯಾಚಿಗೆ ಐದು ಕಪ್ಪು, ಒಂದರಲ್ಲಿ ಮಾತ್ರ ಕೆಟ್ಟ ವಾಸನೆ ಬಂದ್ರೆ ಗೊತ್ತಾಗ್ಲಿ ಅಂತ. ಕುದಿ ಇಳಿದ ನೀರು ಸುರಿದು 4 ನಿಮಿಷಕ್ಕೆ ಮೇಲಿನ ಕೆನೆ ಒಡೆದು ಮೂಸಿ, ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ಸೊರ್ರಂತ ಹೀರಿ. ಪೂರ್ತಿ ಆರೋವರೆಗೆ ಮತ್ತೆ ಮತ್ತೆ ನೋಡಬೇಕು. ಕೆಟ್ಟ ರೋಬಸ್ಟಾ ಬಿಸಿಯಲ್ಲಿ ಮುಖ ಮುಚ್ಕೊಳ್ಳುತ್ತೆ, ಆರಿದಾಗ ಸಿಕ್ಕಿಬೀಳುತ್ತೆ. ರೋಬಸ್ಟಾಗೆ ಅಂಕ ಹಾಕೋ ಫಾರಂನಲ್ಲಿ ಉಪ್ಪು–ಹುಳಿ ಎಷ್ಟು, ಕಹಿ–ಸಿಹಿ ಎಷ್ಟು ಅಂತ ಎರಡು ಬೇರೆ ಅಂಕಣ ಇವೆ.

ನಾಲಿಗೆ ತಯಾರಾಗಿದೆಯಾ ಅಂತ ನೋಡೋಕೆ ಮೂರು ಕಪ್ಪಿನ ಪರೀಕ್ಷೆ. ಎರಡರಲ್ಲಿ ಒಂದೇ ಬ್ಯಾಚು, ಮೂರನೇದರಲ್ಲಿ ಬೇರೆ. ಜೋಡಿಸಿದವರು ಬಾಯಿ ಬಿಡಬಾರದು. ಬೇರೆಯದನ್ನ ಪದೇಪದೇ ಸರಿಯಾಗಿ ಹಿಡಿಯೋವರೆಗೆ "ನನ್ನ ಕಾಫಿ ಚೆನ್ನಾಗಿದೆ" ಅನ್ನೋ ಹಾಗಿಲ್ಲ.

ಪೊನ್ನಂಪೇಟೆ ಪಟ್ಟಾಂಗ
ಕಾಫಿ ಬೋರ್ಡಿನ ಡಿಪ್ಲೊಮಾ ಮಾಡಲಿ ಅಂತ ಯಾರೋ ಹೇಳಿದ್ರು.

ಕಪ್ಪಿಂಗ್ ಟೇಬಲ್
ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ, 12 ತಿಂಗಳದ್ದು. ಒಳ್ಳೆ ಕೋರ್ಸು, ಮುಗಿಸಿದವರಿಗೆ ಕ್ಯೂರಿಂಗ್ (ಬೀಜದ ಸಿಪ್ಪೆ ತೆಗೆದು ದರ್ಜೆ ಮಾಡೋದು), ರಫ್ತು, ರೋಸ್ಟಿಂಗ್ ಕಂಪನಿಗಳಲ್ಲಿ ಕೆಲಸವೂ ಇದೆ. ಆದ್ರೆ ವಿಜ್ಞಾನ, ಕೃಷಿ ಪದವಿ ಕೇಳ್ತಾರೆ. ಹುಡುಗ ಬಿ.ಇ. ಆಗಿದ್ರೆ ಅರ್ಜಿ ಹಾಕೋ ಮೊದಲು ಪ್ರಕಟಣೆ ಓದಲಿ. ಹುರಿಯೋದು, ಕಾಯಿಸೋದು ಕಲಿಯೋಕೆ ಬೋರ್ಡಿನದೇ "ಕಾಪಿ ಶಾಸ್ತ್ರ" ತರಬೇತಿ ಇದೆ, ಅದು ಕೆಲವೇ ದಿನದ್ದು. ತೋಟದ ಪ್ರಶ್ನೆಗೆ ಚೆಟ್ಟಳ್ಳಿ ಕಾಫಿ ಸಂಶೋಧನಾ ಉಪಕೇಂದ್ರ, ಮಣ್ಣಿಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ. ಎರಡೂ ಬಾಗಿಲಲ್ಲೇ ಇವೆ.

ಕುಶಾಲನಗರ ಎಕ್ಸ್‌ಪ್ರೆಸ್
ತಪ್ಪಿನಿಂದ ಹುಟ್ಟಿದ ಲಾಭಕ್ಕೆ ಮಾನ್ಸೂನ್ಡ್ ಮಲಬಾರ್ ಕಾಫಿ ಬಿಟ್ಟು ಬೇರೆ ಉದಾಹರಣೆ ಬೇಡ. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗೋವಾಗ ಬೀಜ ತೇವ ಹೀರಿ ಊದಿ ಬಣ್ಣಗೆಡ್ತಿತ್ತು. ಹಬೆ ಹಡಗು ಬಂದು ಬೇಗ ತಲುಪೋಕೆ ಶುರುವಾದಾಗ ಅಲ್ಲಿನೋರು "ಹಳೇ ರುಚಿ ಎಲ್ಲಿ" ಅಂದ್ರು. ಆಮೇಲೆ ಮಂಗಳೂರು ಕಡೆ ಬೇಕಂತಲೇ ಮಳೆಗಾಳಿಗೆ ಒಡ್ಡಿ ಅದೇ ಬೀಜ ಮಾಡಿದ್ರು. ಮಡಿಕೇರಿ ಮಳೆ ಇದೆಯಲ್ಲ, ಈ ಹುಡುಗ ಯಾಕೆ ಮಾಡಬಾರದು?

ಕಣದ ಮೇಸ್ತ್ರಿ
ಅಯ್ಯೋ ಬೇಡ! ಅದು ಕರಾವಳಿಯ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಗಾಳಿ ಆಡೋ ಗೋದಾಮಿನಲ್ಲಿ ಬೀಜ ಹರಡಿ, ಕೆದಕಿ, ಚೀಲಕ್ಕೆ ಸಡಿಲವಾಗಿ ತುಂಬಿ, ಮತ್ತೆ ಸುರಿದು ಹನ್ನೆರಡು ವಾರದ ಮೇಲೆ ನೋಡ್ಕೋಬೇಕು. ಅಲ್ಲಿ ಸೆಕೆ ಇದೆ, ಗಾಳಿ ಇದೆ. ಮಡಿಕೇರಿಯಲ್ಲಿ ಚಳಿ, ಬಿಡದ ತೇವ. ಬೀಜ ಊದಲ್ಲ, ಬೂಷ್ಟು ಹಿಡಿಯುತ್ತೆ, ಆ ಬೂಷ್ಟಿನಲ್ಲಿ ಓಕ್ರಾಟಾಕ್ಸಿನ್ ಅನ್ನೋ ವಿಷ ಇರಬಹುದು. ಜಿಐ ಕೂಡ ಮಲಬಾರ್ ಹೆಸರಿನದು.

ಬಿಟ್ಟಂಗಾಲ ಬಾಣೆ
ಕಾಫಿ ಬಿಡಿ, ಕಾಚಂಪುಳಿ (ಅಡುಗೆಗೆ ಹಾಕೋ ನಮ್ಮ ಕಪ್ಪು ಹುಳಿ) ಮಾಡಿ ಮಾರಿದ್ರೆ ಇದಕ್ಕಿಂತ ಬೇಗ ದುಡ್ಡು. ಬೆಂಗಳೂರಲ್ಲಿ ಪಂದಿಕರಿ (ಹಂದಿ ಸಾರು) ಮಾಡೋರೆಲ್ಲ ಬಾಟಲಿಗೆ ಕಾಯ್ತಾ ಇರ್ತಾರೆ.

ಹೂಮಳೆ
ಬೇಗ ಅಲ್ಲ ಅಣ್ಣ. ಹಣ್ಣು ಮಾಗಿ ಬೀಳಬೇಕು, ಬುಟ್ಟಿಯಲ್ಲಿ ರಾಶಿ ಹಾಕಿ ರಸ ಇಳಿಯೋಕೆ ಬಿಡಬೇಕು, ಆಮೇಲೆ ಕಪ್ಪಗೆ ಗಟ್ಟಿ ಆಗೋವರೆಗೆ ಕುದಿಸಬೇಕು. ಅದು ಬರೋದು ಮಳೆಗಾಲದಲ್ಲಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸೋರಿದ್ದಾರೆ, ಆ ಹುಳಿಗೆ ಲೋಹ ಬಿಡುತ್ತೆ. ಮಣ್ಣಿನದ್ದೋ ಸ್ಟೀಲೋ ಇರಲಿ. ಕಾಫಿ ಕೆಲಸ ಇಲ್ಲದ ತಿಂಗಳಲ್ಲಿ ಬರೋ ದುಡ್ಡು ಅನ್ನೋದು ಮಾತ್ರ ನಿಜ.

ಲೆಕ್ಕಪತ್ರ
ಎಲ್ಲರೂ ಕಣದಲ್ಲೇ ಇದ್ದೀರಿ, ಕಾಗದ ಪತ್ರ ಯಾರೂ ಕೇಳಲಿಲ್ಲ. ಕೆಲಸ ಬಿಟ್ಟು ಬಂದವರು ಕೆಡೋದು ಹೆಚ್ಚಾಗಿ ಇಲ್ಲಿ.

ಪಿಎಫ್ ದುಡ್ಡು ತೆಗೆದು ಪಲ್ಪರ್ ತರಬೇಡಿ. ಸತತ 5 ವರ್ಷ ಸೇವೆ ಆಗದೆ ತೆಗೆದ್ರೆ ತೆರಿಗೆ ಬೀಳುತ್ತೆ. ಪಿಂಚಣಿಗೆ 10 ವರ್ಷ ಸೇವೆ ಬೇಕು. ಕಮ್ಮಿ ಇದ್ರೆ ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿ ಸೇವೆಯ ದಾಖಲೆ) ಇಟ್ಕೊಂಡ್ರೆ ಮುಂದೆ ಕೆಲಸಕ್ಕೆ ಮರಳಿದಾಗ ಹಳೇ ವರ್ಷಗಳೂ ಸೇರುತ್ತವೆ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತೆ. ಹೋಗೋ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸೋಕೆ ಕೇಳಬೇಕು. ರಿಲೀವಿಂಗ್ ಲೆಟರ್ ಭದ್ರವಾಗಿರಲಿ, ವಾಪಸ್ ಹೋಗೋ ಬಾಗಿಲು ಅದೇ.

ತೆರಿಗೆ: ಕ್ಯೂರಿಂಗ್ ಮಾಡದ ಕಾಫಿ ಮಾರಿದ್ರೆ ಕೃಷಿ ಆದಾಯ. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ್ರೆ 25 ಪರ್ಸೆಂಟ್ ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದ್ರೆ 40 ಪರ್ಸೆಂಟ್. ಇದು 1962ರ ಆದಾಯ ತೆರಿಗೆ ನಿಯಮಾವಳಿಯ 7ಬಿಯಲ್ಲಿದ್ದ ಲೆಕ್ಕ. ಪ್ಯಾಕೆಟ್ ಮಾಡಿದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕು. ಚಿಕೋರಿ ಬೆರೆಸಿದ್ರೆ ಕಾಫಿ 51 ಪರ್ಸೆಂಟಿಗೆ ಕಮ್ಮಿ ಇರಬಾರದು, ಲೇಬಲ್ ಮೇಲೆ ಪ್ರಮಾಣ ಬರೀಬೇಕು.

ಔಟ್‌ಟರ್ನ್ 28
ರೋಸ್ಟರ್ ಮೆಷಿನ್ ಮಾತ್ರ ಮೊದಲ ವರ್ಷ ತರಬೇಡಿ. ಸಾಲ ಹುಟ್ಟೋದು ಅಲ್ಲೇ. 1 ಕೆಜಿ ಬೀಜ ಹುರಿದ್ರೆ 820ರಿಂದ 850 ಗ್ರಾಂ ಕೈಗೆ ಬರೋದು, ಈ ನಷ್ಟ ಬಿಟ್ಟು ರೇಟ್ ಹಾಕಿ ಕೈ ಸುಟ್ಕೊಳ್ತಾರೆ. ಕೂಲಿಗೆ ಹುರಿದು ಕೊಡೋರಿದ್ದಾರೆ, ಅಲ್ಲಿಗೆ ಕೊಡಲಿ. ಮೂರು ವರ್ಷದ ಮನೆ ಖರ್ಚನ್ನ ಚೆರಿ ಮಾರಿದ ದುಡ್ಡಲ್ಲೇ ತೂಗಿಸಬಹುದಾ ಅಂತ 2020ರ ರೇಟ್ ಹಾಕಿ ಲೆಕ್ಕ ಮಾಡಲಿ. ತೂಗಿದ್ರೆ ಹುಡುಗ ಕೆಟ್ಟಿಲ್ಲ. ತೂಗದಿದ್ರೆ ರಾತ್ರಿ ಹೊತ್ತು ಒಂದಿಷ್ಟು ಟೆಸ್ಟಿಂಗ್ ಕೆಲಸ ಹಿಡೀಲಿ, ಅದರಲ್ಲಿ ಅವಮಾನ ಏನಿಲ್ಲ.

ಸಿದ್ದಾಪುರ ಸಂತೆ
ಔಟ್‌ಟರ್ನ್ ಅಣ್ಣ ಮೊದಲ ಸಲ ಸಮಾಧಾನದ ಮಾತಾಡಿದ್ರು, ಮಳೆ ಬರುತ್ತೆ.

ಔಟ್‌ಟರ್ನ್ 28
ಕೊಯ್ಲು ಮುಗಿಯೋ ಮೊದಲು ಬರದಿದ್ರೆ ಸಾಕು. ಗಿಡದಲ್ಲಿ ಹಣ್ಣಿರುವಾಗ ಹೂವು ಬಿಟ್ರೆ ಎರಡೂ ಹೋಯ್ತು.

ಪೊನ್ನಂಪೇಟೆ ಪಟ್ಟಾಂಗ
ಎಲ್ಲಾ ಓದಿ ಹುಡುಗನಿಗೆ ಕಳಿಸಿದೆ. ಎಂಟು ಬ್ಯಾಚಿನ ಪಟ್ಟಿ ಆಗಲೇ ಮಾಡಿದ್ದಾನೆ. ಅವನ ಪ್ರಶ್ನೆ: ಮುಚ್ಚಿದ ಡ್ರಮ್ಮಿನಲ್ಲಿ ಹಣ್ಣು ಹುದುಗಿಸೋದಾದ್ರೆ ಯಾವಾಗ ನಿಲ್ಲಿಸಬೇಕು?

ಕಪ್ಪಿಂಗ್ ಟೇಬಲ್
ಆಹಾರ ದರ್ಜೆಯ ಡ್ರಮ್, ಮುಕ್ಕಾಲು ಭಾಗ ಮಾತ್ರ ತುಂಬಿಸಿ, ಗಾಳಿ ಹೊರಗೆ ಹೋಗೋಕೆ ಏರ್‌ಲಾಕ್ ಇರಲಿ, ಇಲ್ಲಾಂದ್ರೆ ಮುಚ್ಚಳ ಹಾರುತ್ತೆ. ನೆರಳಲ್ಲಿಡಿ, ಒಳಗೆ 30 ಡಿಗ್ರಿ ಮೀರಬಾರದು. 48 ಗಂಟೆ ಕಳೆದ ಮೇಲೆ ದಿನಕ್ಕೆ ಮೂರು ಸಲ ಪಿಎಚ್ ನೋಡಲಿ, 4.2ರ ಹತ್ತಿರ ಬಂದಾಗ ತೆಗೆದುಬಿಡಲಿ. ಮೊದಲ ಬ್ಯಾಚನ್ನ 72 ಗಂಟೆ ದಾಟಿಸೋದು ಬೇಡ.

ಕಣದ ಮೇಸ್ತ್ರಿ
ಪಿಎಚ್ ಮೀಟರ್‌ನ 4 ಮತ್ತು 7ರ ಬಫರ್ ದ್ರಾವಣದಲ್ಲಿ ಸರಿ ಮಾಡ್ಕೊಂಡು ಶುರು ಮಾಡಲಿ. ಅಗ್ಗದ ಮೀಟರ್ ಎರಡೇ ದಿನಕ್ಕೆ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಡ್ರಮ್ಮು ಮೊದಲು ಯಾವುದಕ್ಕೆ ಬಳಸಿದ್ದು ಅಂತ ಕೇಳದೆ ಸಂತೆಯಿಂದ ತರಬೇಡಿ.